ನುಂಗಿದ್ದೆಲ್ಲ ಮೈಗೆ ಹತ್ತುವುದೆ? ಖನಿಜಾಂಶದ ಮಾತ್ರೆಗಳ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಚೆನ್ನಾಗಿ ಉಣ್ಣುವ ಮಗುವೂ ಬಡಕಲಾಗಿಯೇ ಉಳಿದಾಗ ನಮ್ಮ ಅಜ್ಜಿಯಂದಿರು "ತಿಂದದ್ದು ಮೈಗೆ ಹತ್ತುತ್ತಿಲ್ಲ" ಎನ್ನುತ್ತಿದ್ದರು. ಬಾಯಿಗೆ ಹೋದದ್ದು ಬೇರೆ, ದೇಹಕ್ಕೆ ದಕ್ಕಿದ್ದು ಬೇರೆ ಎಂಬ ತಿಳಿವಳಿಕೆ ಆ ಮಾತಿನಲ್ಲಿದೆ. ಪೋಷಣವಿಜ್ಞಾನವು 'ಜೈವಿಕ ಲಭ್ಯತೆ' ಎಂಬ ಹೆಸರಿನಲ್ಲಿ ಅಳೆಯುವುದು ಹೆಚ್ಚುಕಡಿಮೆ ಇದನ್ನೇ. ಸೇವಿಸಿದ ಪೋಷಕಾಂಶದಲ್ಲಿ ಎಷ್ಟು ಪಾಲು ಕರುಳನ್ನು ದಾಟಿ, ರಕ್ತವನ್ನು ಸೇರಿ, ದೇಹದ ಉಪಯೋಗಕ್ಕೆ ಬರುತ್ತದೆ ಎಂಬುದೇ ಆ ಲೆಕ್ಕ.

ಇಂದು ನಮ್ಮ ಮನೆಗಳ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಮಾತ್ರೆಯ ಡಬ್ಬಿಯೂ ಇರುತ್ತದೆ. ಹಿರಿಯರಿಗೆ ಕ್ಯಾಲ್ಸಿಯಂ, ಹೆಣ್ಣುಮಕ್ಕಳಿಗೆ ಕಬ್ಬಿಣ, 2020ರ ಕೊರೊನಾ ಕಾಲದಿಂದೀಚೆಗೆ ಎಲ್ಲರಿಗೂ ಜಿಂಕ್. ಹಲವರು ಇವನ್ನು ವರ್ಷಗಟ್ಟಲೆ ಶ್ರದ್ಧೆಯಿಂದ ನುಂಗುತ್ತಾರೆ. ಆದರೂ ಕೆಲವರ ರಕ್ತಪರೀಕ್ಷೆಯ ಅಂಕೆಗಳು ಇದ್ದಲ್ಲಿಯೇ ಇರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿತ್ತು. ರಕ್ತಹೀನತೆಯನ್ನು ತಡೆಯಲು ಕಬ್ಬಿಣದ ಮಾತ್ರೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ 1970ರಷ್ಟು ಹಿಂದೆಯೇ ಆರಂಭವಾಗಿತ್ತೆಂಬುದನ್ನು ನೆನೆದರೆ ಈ ಅಂಕೆಯ ಭಾರ ತಿಳಿಯುತ್ತದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ನಮ್ಮ ಕೈಯಲ್ಲೇ ಇರುವ ಒಂದನ್ನು, ಅಂದರೆ ಮಾತ್ರೆಯನ್ನು ಯಾವ ರೂಪದಲ್ಲಿ, ಯಾವಾಗ, ಯಾವುದರೊಡನೆ ಸೇವಿಸುತ್ತೇವೆ ಎಂಬುದನ್ನು ನಾವು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಪೊಟ್ಟಣದ ಮೇಲಿನ ಅಂಕೆ

ಖನಿಜಗಳು ಮಾತ್ರೆಯೊಳಗೆ ಶುದ್ಧ ಧಾತುವಾಗಿ ಇರುವುದಿಲ್ಲ. ಬೇರೊಂದು ವಸ್ತುವಿನೊಡನೆ ಕೂಡಿದ ಸಂಯುಕ್ತದ ರೂಪದಲ್ಲಿರುತ್ತವೆ. ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವ ತೂಕವು ಅನೇಕ ವೇಳೆ ಇಡೀ ಸಂಯುಕ್ತದ ತೂಕ. ಅದರಲ್ಲಿ ನಮಗೆ ಬೇಕಾದ ಖನಿಜದ ಪಾಲು ಎಷ್ಟೆಂಬುದು ಸಂಯುಕ್ತದಿಂದ ಸಂಯುಕ್ತಕ್ಕೆ ಬದಲಾಗುತ್ತದೆ. ಕೆಲವು ಉದಾಹರಣೆಗಳು ಇಂತಿವೆ:

- 60 ಮಿ.ಗ್ರಾಂ ಕಬ್ಬಿಣ ದೊರೆಯಲು ಸುಮಾರು 180 ಮಿ.ಗ್ರಾಂ ಫೆರಸ್ ಫ್ಯೂಮರೇಟ್, ಅಥವಾ 300 ಮಿ.ಗ್ರಾಂ ಸಾಧಾರಣ ಫೆರಸ್ ಸಲ್ಫೇಟ್, ಅಥವಾ 500 ಮಿ.ಗ್ರಾಂ ಫೆರಸ್ ಗ್ಲುಕೊನೇಟ್ ಬೇಕಾಗುತ್ತದೆ.
- ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ಶೇ. 40ರಷ್ಟು ಕ್ಯಾಲ್ಸಿಯಂ ಇದೆ; ಸಿಟ್ರೇಟಿನಲ್ಲಿ ಶೇ. 21, ಗ್ಲುಕೊನೇಟಿನಲ್ಲಿ ಶೇ. 9 ಮಾತ್ರ. ಆದುದರಿಂದಲೇ 1250 ಮಿ.ಗ್ರಾಂ ಕಾರ್ಬೊನೇಟಿನ ಮಾತ್ರೆಯನ್ನು 500 ಮಿ.ಗ್ರಾಂ ಕ್ಯಾಲ್ಸಿಯಂ ಎಂದು ಎಣಿಸುತ್ತಾರೆ.
- ಮೆಗ್ನೀಸಿಯಂ ಆಕ್ಸೈಡಿನಲ್ಲಿ ಶೇ. 60ರಷ್ಟು ಮೆಗ್ನೀಸಿಯಂ ಇದೆ. ಆದರೆ ಅದು ಬಹಳ ಕಡಮೆ ಕರಗುವ ವಸ್ತು. ಇದರ ಪರಿಣಾಮವನ್ನು ಮುಂದೆ ನೋಡೋಣ.

ಆದುದರಿಂದ ಎರಡು ಕಂಪನಿಗಳ ಮಾತ್ರೆಗಳನ್ನು ಹೋಲಿಸುವಾಗ 'ಎಲಿಮೆಂಟಲ್' ಎಂಬ ಪದದ ಎದುರಿಗಿರುವ ಅಂಕೆಯನ್ನು ನೋಡಬೇಕು. ಖನಿಜದ ನಿಜವಾದ ತೂಕ ಅದೇ.

ತೂಕ ಸರಿಯಿದ್ದರೂ ಮಾತ್ರೆ ಹೊಟ್ಟೆಯಲ್ಲಿ ಬಿಚ್ಚಿಕೊಳ್ಳಬೇಕಲ್ಲವೆ? ಕೆಲವು ಮಾತ್ರೆಗಳು ತೀರ ಗಟ್ಟಿಯಾಗಿ ಒತ್ತಲ್ಪಟ್ಟಿದ್ದು ಸರಿಯಾಗಿ ಕರಗದೆ ಹೊರಟುಹೋಗುವುದುಂಟು. ಸಾಧಾರಣ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಗೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಮಾತ್ರೆಯನ್ನು ಸ್ವಲ್ಪ ವಿನಿಗರ್‌ನಲ್ಲಿ ಹಾಕಿ ಆಗಾಗ ಕಲಕುತ್ತಿರಬೇಕು. ಅರ್ಧ ಗಂಟೆಯಲ್ಲಿ ಅದು ಪುಡಿಯಾಗಿ ಬಿಚ್ಚಿಕೊಂಡರೆ ಹೊಟ್ಟೆಯಲ್ಲಿಯೂ ಬಿಚ್ಚಿಕೊಳ್ಳುವ ಸಂಭವವಿದೆ. ಕಲ್ಲಿನಂತೆ ಹಾಗೆಯೇ ಉಳಿದರೆ ಬೇರೆ ಮಾತ್ರೆಯನ್ನು ವಿಚಾರಿಸುವುದು ಲೇಸು. ಜಠರವನ್ನು ದಾಟಿದ ಮೇಲೆಯೇ ಕರಗಬೇಕೆಂದು ಲೇಪನ ಕೊಟ್ಟ ಮಾತ್ರೆಗಳಿಗೆ ಈ ಪರೀಕ್ಷೆ ಅನ್ವಯಿಸದು.

ಕರುಳಿನ ಬಾಗಿಲಲ್ಲಿ ನಡೆಯುವುದೇನು?

ಜಠರದ ಆಮ್ಲವು ಖನಿಜವನ್ನು ಸಂಯುಕ್ತದಿಂದ ಬಿಡಿಸುತ್ತದೆ. ಹಾಗೆ ಬಿಡುಗಡೆಯಾದ ಖನಿಜ ಸಣ್ಣಕರುಳಿಗೆ ಬಂದಾಗ ಅದನ್ನು ಒಳಗೊಯ್ಯುವ ವಿಶೇಷ ಪ್ರೋಟೀನುಗಳು ಕರುಳಿನ ಒಳಪದರದಲ್ಲಿ ಕಾದಿರುತ್ತವೆ. ಇವುಗಳ ಸಂಖ್ಯೆಗೂ ವೇಗಕ್ಕೂ ಮಿತಿಯಿದೆ. ಈ ಕಾರಣದಿಂದ ಒಮ್ಮೆಗೆ ನುಂಗುವ ಪ್ರಮಾಣ ಹೆಚ್ಚಿದಂತೆಲ್ಲ ದಕ್ಕುವ ಪಾಲು ಕಡಮೆಯಾಗುತ್ತ ಹೋಗುತ್ತದೆ. ಎರಡರಷ್ಟು ನುಂಗಿದವರಿಗೆ ಎರಡರಷ್ಟು ದಕ್ಕುವುದಿಲ್ಲ.

ಇನ್ನೊಂದು ಸಂಗತಿಯೂ ಮುಖ್ಯ. ದೇಹವು ತನ್ನ ಅಗತ್ಯವನ್ನು ಅರಿತು ಬಾಗಿಲನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಕಬ್ಬಿಣದ ಕೊರತೆಯಿರುವವರ ಕರುಳು ಹೆಚ್ಚು ಕಬ್ಬಿಣವನ್ನು ಹೀರುತ್ತದೆ. ದಾಸ್ತಾನು ತುಂಬಿದವರ ಕರುಳು ಕಡಮೆ ಹೀರುತ್ತದೆ. ಆದಕಾರಣ ಒಂದೇ ಮಾತ್ರೆ ಅತ್ತೆಗೊಂದು ರೀತಿ, ಸೊಸೆಗೊಂದು ರೀತಿ ಫಲ ಕೊಟ್ಟರೆ ಆಶ್ಚರ್ಯವಿಲ್ಲ.

ಇದನ್ನೆಲ್ಲ ವಿಜ್ಞಾನಿಗಳು ಅಳೆಯುವ ಬಗೆಯೂ ಸ್ವಾರಸ್ಯಕರವಾಗಿದೆ. ಕಬ್ಬಿಣದ ವಿಷಯದಲ್ಲಿ, ವಿಕಿರಣವಿಲ್ಲದ ಅಪರೂಪದ ಸಮಸ್ಥಾನಿಗಳನ್ನು, ಅಂದರೆ ತೂಕದಲ್ಲಿ ಮಾತ್ರ ಕೊಂಚ ಭಿನ್ನವಾದ ಕಬ್ಬಿಣದ ಪರಮಾಣುಗಳನ್ನು ಮಾತ್ರೆಯಲ್ಲಿ ಸೇರಿಸಿ ಕೊಡುತ್ತಾರೆ. ಸುಮಾರು ಎರಡು ವಾರಗಳ ನಂತರ ಅದರಲ್ಲಿ ಎಷ್ಟು ಪಾಲು ಕೆಂಪು ರಕ್ತಕಣಗಳಲ್ಲಿ ಸೇರಿದೆಯೆಂದು ಪರೀಕ್ಷಿಸುತ್ತಾರೆ. ಮುಂದೆ ನಾವು ಕೊಡಲಿರುವ ಅಂಕೆಗಳಲ್ಲಿ ಕೆಲವು ಇಂತಹ ಪ್ರಯೋಗಗಳಿಂದ ಬಂದವು.

ಕಬ್ಬಿಣ: ಹೆಚ್ಚು ನುಂಗಿದರೆ ಹೆಚ್ಚು ಲಾಭವೆ?

ವಯಸ್ಕರ ದೇಹದಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣವಿರುತ್ತದೆ. ಆಹಾರದಿಂದ ದಿನವೊಂದಕ್ಕೆ ದೇಹ ಹೀರುವುದು ಸಾಮಾನ್ಯವಾಗಿ 1ರಿಂದ 2 ಮಿ.ಗ್ರಾಂ ಮಾತ್ರ. ಮಾಂಸ, ಮೀನುಗಳಲ್ಲಿರುವ ಹೀಮ್ ಕಬ್ಬಿಣದಲ್ಲಿ ಶೇ. 15ರಿಂದ 35ರವರೆಗೆ ದಕ್ಕುತ್ತದೆ. ಧಾನ್ಯ, ಬೇಳೆ, ಸೊಪ್ಪುಗಳ ಕಬ್ಬಿಣದಲ್ಲಿ ದಕ್ಕುವುದು ಶೇ. 2ರಿಂದ 20ರವರೆಗೆ, ಊಟದ ಸ್ವರೂಪವನ್ನು ಅವಲಂಬಿಸಿ ಇದು ಏರಿಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರ ಶಿಫಾರಸಿನಲ್ಲಿ ದಿನಕ್ಕೆ ಪುರುಷರಿಗೆ 19 ಮಿ.ಗ್ರಾಂ, ಮಹಿಳೆಯರಿಗೆ 29 ಮಿ.ಗ್ರಾಂ ಕಬ್ಬಿಣವೆಂದು ಗೊತ್ತುಮಾಡಿದೆ. ಒಂದೆರಡು ಮಿಲಿಗ್ರಾಂ ದೇಹಕ್ಕೆ ಸೇರಲೆಂದು ಇಷ್ಟು ದೊಡ್ಡ ಪ್ರಮಾಣವನ್ನು ಹೇಳಬೇಕಾಗಿರುವುದಕ್ಕೆ ನಮ್ಮ ಸಸ್ಯಪ್ರಧಾನ ಊಟದಿಂದ ದಕ್ಕುವ ಪಾಲು ಕಡಮೆ ಎಂಬುದೇ ಮುಖ್ಯ ಕಾರಣ.

2000ದ ಆಸುಪಾಸಿನಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಪತ್ತೆಯಾದ ಮೇಲೆ ಕಬ್ಬಿಣದ ಮಾತ್ರೆಗಳ ಬಗೆಗಿನ ತಿಳಿವಳಿಕೆಯೇ ಬದಲಾಯಿತು. ಯಕೃತ್ತು ತಯಾರಿಸುವ ಈ ಹಾರ್ಮೋನು ಕಬ್ಬಿಣಕ್ಕೆ ದ್ವಾರಪಾಲಕನಿದ್ದಂತೆ. ರಕ್ತದಲ್ಲಿ ಕಬ್ಬಿಣ ಏರಿದೊಡನೆ ಹೆಪ್ಸಿಡಿನ್ ಹೆಚ್ಚುತ್ತದೆ. ಕರುಳಿನ ಜೀವಕೋಶದೊಳಗೆ ಬಂದಿರುವ ಕಬ್ಬಿಣ ಅಲ್ಲಿಂದ ರಕ್ತಕ್ಕೆ ಇಳಿಯದಂತೆ ತಡೆಯುತ್ತದೆ. ಕೆಲವೇ ದಿನಗಳಲ್ಲಿ ಆ ಜೀವಕೋಶ ಉದುರಿಹೋಗುವಾಗ ಒಳಗಿದ್ದ ಕಬ್ಬಿಣವೂ ಅದರೊಡನೆ ಹೊರಹೋಗುತ್ತದೆ. ಕಬ್ಬಿಣದ ಒಂದು ದೊಡ್ಡ ಮಾತ್ರೆಯನ್ನು ನುಂಗಿದ ನಂತರ ಹೆಪ್ಸಿಡಿನ್ ಸುಮಾರು 24 ಗಂಟೆಗಳ ಕಾಲ ಏರಿಯೇ ಇರುವುದರಿಂದ ಮರುದಿನದ ಮಾತ್ರೆಗೆ ಬಾಗಿಲು ಅರ್ಧ ಮುಚ್ಚಿರುತ್ತದೆ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ಕಬ್ಬಿಣದ ದಾಸ್ತಾನು ಕಡಮೆಯಿದ್ದ ಯುವತಿಯರಲ್ಲಿ ಒಂದು ಗುಂಪಿಗೆ 60 ಮಿ.ಗ್ರಾಂ ಕಬ್ಬಿಣವನ್ನು ಪ್ರತಿದಿನದಂತೆ 14 ದಿನ, ಇನ್ನೊಂದು ಗುಂಪಿಗೆ ಅದೇ 14 ಮಾತ್ರೆಗಳನ್ನು ದಿನ ಬಿಟ್ಟು ದಿನದಂತೆ 28 ದಿನ ಕೊಡಲಾಯಿತು. ಪ್ರತಿದಿನ ತೆಗೆದುಕೊಂಡವರಿಗೆ ದಕ್ಕಿದ್ದು ಶೇ. 16.3, ದಿನ ಬಿಟ್ಟು ದಿನ ತೆಗೆದುಕೊಂಡವರಿಗೆ ಶೇ. 21.8. ಮಾತ್ರೆಗಳ ಸಂಖ್ಯೆ ಒಂದೇ ಆಗಿದ್ದರೂ ದೇಹ ಸೇರಿದ ಕಬ್ಬಿಣ ಸುಮಾರು ಮೂರನೆಯ ಒಂದು ಪಾಲಿನಷ್ಟು ಹೆಚ್ಚಾಯಿತು.

ಇದನ್ನು ಓದಿ ಎಲ್ಲರೂ ತಾವಾಗಿಯೇ ದಿನ ಬಿಟ್ಟು ದಿನಕ್ಕೆ ಬದಲಾಯಿಸಬೇಕೆಂದು ನಾವು ಹೇಳುತ್ತಿಲ್ಲ. ತೀವ್ರ ರಕ್ತಹೀನತೆಯಿರುವವರಿಗೆ ಬೇಗ ಗುಣ ಕಾಣಬೇಕಾದಾಗ ವೈದ್ಯರು ಪ್ರತಿದಿನದ ಸೇವನೆಯನ್ನೇ ಹೇಳಬಹುದು. ಗರ್ಭಿಣಿಯರಿಗಂತೂ 'ರಕ್ತಹೀನತೆ ಮುಕ್ತ ಭಾರತ' ಕಾರ್ಯಕ್ರಮದಡಿ ಪ್ರತಿದಿನ 60 ಮಿ.ಗ್ರಾಂ ಕಬ್ಬಿಣವನ್ನು ಫೋಲಿಕ್ ಆಮ್ಲದೊಡನೆ ಕನಿಷ್ಠ 180 ದಿನ ಕೊಡುವುದು ನಿಯಮ, ಅದನ್ನು ತಪ್ಪಿಸಬಾರದು. ಆದರೆ ಹೊಟ್ಟೆ ತೊಳಸುವಿಕೆ, ಮಲಬದ್ಧತೆಗಳಿಗೆ ಬೇಸತ್ತು ಮಾತ್ರೆಯನ್ನೇ ಬಿಟ್ಟುಬಿಡುವ ಹೆಣ್ಣುಮಕ್ಕಳು ನಮ್ಮ ನಡುವೆ ಅನೇಕರಿದ್ದಾರೆ. ಹೀರಲ್ಪಡದೆ ಕರುಳಿನಲ್ಲಿ ಉಳಿದ ಕಬ್ಬಿಣವೇ ಈ ತೊಂದರೆಗಳಿಗೆ ಬಹುಮಟ್ಟಿಗೆ ಕಾರಣ. ಮಲ ಕಪ್ಪಾಗುವುದೂ ಅದರಿಂದಲೇ. ಅಂಥವರು ಮಾತ್ರೆಯನ್ನು ಬಿಡುವ ಮೊದಲು, ಪ್ರಮಾಣವನ್ನು ತಗ್ಗಿಸಬಹುದೆ, ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೆ ಎಂದು ತಮ್ಮ ವೈದ್ಯರನ್ನು ಅವಶ್ಯವಾಗಿ ಕೇಳಬೇಕು.

ಸೋಂಕು ಅಥವಾ ದೀರ್ಘಕಾಲದ ಉರಿಯೂತವಿದ್ದಾಗಲೂ ಹೆಪ್ಸಿಡಿನ್ ಏರುತ್ತದೆ. ಜ್ವರದಲ್ಲಿರುವಾಗ ನುಂಗಿದ ಕಬ್ಬಿಣ ಹೆಚ್ಚಾಗಿ ದಕ್ಕದಿರುವುದಕ್ಕೆ ಇದೇ ಕಾರಣ.

ಕಾಫಿ ಮತ್ತು ಕಬ್ಬಿಣ

ಕನ್ನಡಿಗರು ಎಲ್ಲಿ ನೆಲಸಿದರೂ ಬೆಳಗಿನ ಫಿಲ್ಟರ್ ಕಾಫಿಯನ್ನು ಬಿಟ್ಟವರಲ್ಲ. ಆದಕಾರಣ ಈ ವಿಷಯಕ್ಕೆ ಪ್ರತ್ಯೇಕ ಸ್ಥಾನ ಕೊಡುವುದು ಉಚಿತ. ಕಾಫಿ ಮತ್ತು ಚಹಾದಲ್ಲಿರುವ ಪಾಲಿಫಿನಾಲ್ ಎಂಬ ಒಗರು ವಸ್ತುಗಳು ಕಬ್ಬಿಣವನ್ನು ಹಿಡಿದು ಕರಗದಂತೆ ಮಾಡುತ್ತವೆ. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಊಟದೊಡನೆ ಕುಡಿದ ಒಂದು ಬಟ್ಟಲು ಕಾಫಿಯು ಆಹಾರದ ಕಬ್ಬಿಣದ ಹೀರುವಿಕೆಯನ್ನು ಶೇ. 39ರಷ್ಟು, ಚಹಾ ಶೇ. 64ರಷ್ಟು ತಗ್ಗಿಸಿದವು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಯಾವ ನಷ್ಟವೂ ಕಾಣಲಿಲ್ಲ; ಒಂದು ಗಂಟೆಯ ನಂತರ ಕುಡಿದದ್ದು ಮಾತ್ರ ಊಟದೊಡನೆ ಕುಡಿದಷ್ಟೇ ನಷ್ಟ ಮಾಡಿತು.

ಮಾತ್ರೆಯ ವಿಷಯದಲ್ಲಿ 2023ರ ಇನ್ನೊಂದು ಸ್ವಿಸ್ ಅಧ್ಯಯನ ಇನ್ನೂ ನೇರವಾಗಿದೆ. ಕಬ್ಬಿಣದ ಕೊರತೆಯಿದ್ದ ಮಹಿಳೆಯರು 100 ಮಿ.ಗ್ರಾಂ ಕಬ್ಬಿಣವನ್ನು ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ ಬರೀ ನೀರಿನೊಡನೆ ತೆಗೆದುಕೊಂಡಾಗ ದಕ್ಕಿದ್ದಕ್ಕೆ ಹೋಲಿಸಿದರೆ, ಕಾಫಿಯೊಡನೆ ತೆಗೆದುಕೊಂಡಾಗ ಶೇ. 54ರಷ್ಟು, ಕಾಫಿ ಸಹಿತವಾದ ಉಪಾಹಾರದೊಡನೆ ಶೇ. 66ರಷ್ಟು ಕಡಮೆ ದಕ್ಕಿತು. ಮಧ್ಯಾಹ್ನದ ಮೇಲೆ ತೆಗೆದುಕೊಂಡಾಗಲೂ ಬೆಳಗಿಗಿಂತ ಶೇ. 37ರಷ್ಟು ಕಡಮೆ. 80 ಮಿ.ಗ್ರಾಂ ವಿಟಮಿನ್ ಸಿ ಜೊತೆಗಿದ್ದಾಗ ಶೇ. 30ರಷ್ಟು ಹೆಚ್ಚಾಯಿತು, 500 ಮಿ.ಗ್ರಾಂ ಕೊಟ್ಟಾಗ ಅದಕ್ಕಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಇಡ್ಲಿ ತಿಂದು, ಕಾಫಿ ಕುಡಿದು, ಅದೇ ಗುಟುಕಿನಲ್ಲಿ ಕಬ್ಬಿಣದ ಮಾತ್ರೆಯನ್ನೂ ನುಂಗಿ ಕೆಲಸಕ್ಕೆ ಓಡುವವರು ಈ ಅಂಕೆಗಳನ್ನು ಗಮನಿಸಬೇಕು. ಎದ್ದ ಕೂಡಲೆ ನೀರಿನೊಡನೆ ಮಾತ್ರೆ ತೆಗೆದುಕೊಂಡು, ಒಂದೆರಡು ಗಂಟೆಯ ನಂತರ ತಿಂಡಿ–ಕಾಫಿ ಮಾಡಿದರೆ ಅದೇ ಮಾತ್ರೆಯಿಂದ ಎರಡು ಪಟ್ಟಿಗೂ ಮಿಕ್ಕಿ ಕಬ್ಬಿಣ ದಕ್ಕಬಹುದು. ಖಾಲಿಹೊಟ್ಟೆ ಸಹಿಸದವರು ಸ್ವಲ್ಪ ಆಹಾರದೊಡನೆ ತೆಗೆದುಕೊಳ್ಳಬಹುದು. ಆದರೆ ಕಾಫಿ, ಚಹಾ, ಹಾಲುಗಳನ್ನು ಆ ಹೊತ್ತಿಗೆ ದೂರವಿಡಬೇಕು.

ವಿಟಮಿನ್ ಸಿ ಮಾತ್ರೆಯನ್ನು ಪ್ರತ್ಯೇಕವಾಗಿ ಕೊಳ್ಳಬೇಕೆ ಎಂದು ಹಲವರು ಕೇಳುತ್ತಾರೆ. 2020ರಲ್ಲಿ ಚೀನಾದಿಂದ ಪ್ರಕಟವಾದ, 440 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಕಬ್ಬಿಣದ ಮಾತ್ರೆಯೊಂದನ್ನೇ ಪಡೆದವರಿಗೂ ಅದರೊಡನೆ ವಿಟಮಿನ್ ಸಿ ಪಡೆದವರಿಗೂ ಹಿಮೊಗ್ಲೋಬಿನ್ ಏರಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಸ್ಯಾಹಾರದಲ್ಲಿರುವ ಕಬ್ಬಿಣಕ್ಕಾದರೋ ಹುಳಿಯ ನೆರವು ನಿಜವಾಗಿಯೂ ದೊಡ್ಡದು. ನೆನೆಸಿದ ಹೆಸರುಬೇಳೆಯ ಕೋಸಂಬರಿಗೆ ನಿಂಬೆಹುಳಿ ಹಿಂಡುವ ನಮ್ಮ ಪದ್ಧತಿ ರುಚಿಗೆ ಮಾತ್ರವಲ್ಲ, ಕಬ್ಬಿಣ ದಕ್ಕುವುದಕ್ಕೂ ಅನುಕೂಲವಾದುದು.

ಸರಿಯಾಗಿ ತೆಗೆದುಕೊಂಡರೆ ಒಂದು ತಿಂಗಳಲ್ಲಿ ಹಿಮೊಗ್ಲೋಬಿನ್ ಸುಮಾರು 1ರಿಂದ 2 ಗ್ರಾಂ ಏರುವುದನ್ನು ನಿರೀಕ್ಷಿಸಬಹುದು. ಅಂಕೆ ಸರಿಹೋದ ಕೂಡಲೆ ನಿಲ್ಲಿಸದೆ, ದಾಸ್ತಾನು ತುಂಬಲೆಂದು ಇನ್ನೂ ಸುಮಾರು ಮೂರು ತಿಂಗಳು ಮುಂದುವರಿಸಲು ವೈದ್ಯರು ಹೇಳುತ್ತಾರೆ. ಸರಿಯಾಗಿ ತೆಗೆದುಕೊಂಡೂ ಅಂಕೆ ಏರದಿದ್ದರೆ ಮಾತ್ರೆಯನ್ನು ದೂರುವ ಬದಲು ಕಾರಣವನ್ನು ಹುಡುಕಬೇಕು. ಹೆಚ್ಚಿನ ಋತುಸ್ರಾವ, ಮೂಲವ್ಯಾಧಿ, ಜಂತುಹುಳು, ಕರುಳಿನ ಕಾಯಿಲೆ ಮುಂತಾದವು ಇದರ ಹಿಂದಿರಬಹುದು. ಥಲಸ್ಸೀಮಿಯ ವಾಹಕರಲ್ಲಿಯೂ ರಕ್ತಕಣಗಳು ಕಬ್ಬಿಣದ ಕೊರತೆಯಲ್ಲಿರುವಂತೆಯೇ ಚಿಕ್ಕದಾಗಿ ಕಾಣುತ್ತವೆ. ಅಂಥವರಿಗೆ ಪರೀಕ್ಷೆಯಿಲ್ಲದೆ ವರ್ಷಗಟ್ಟಲೆ ಕಬ್ಬಿಣ ಕೊಡುವುದು ತರವಲ್ಲ.

ಕ್ಯಾಲ್ಸಿಯಂ: ಹಿರಿಯರ ಮಾತ್ರೆ

ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕೆಂಬುದು 2020ರ ಭಾರತೀಯ ಶಿಫಾರಸು. ಇದರಲ್ಲಿ ದಕ್ಕುವುದು ಸುಮಾರು ಮೂರನೆಯ ಒಂದು ಪಾಲು ಅಥವಾ ಅದಕ್ಕೂ ಕಡಮೆ. ಹಾಲೂಡುವ ವಯಸ್ಸಿನ ಶಿಶುವಿನ ಕರುಳು ಶೇ. 60ರವರೆಗೆ ಹೀರಬಲ್ಲುದು; ವಯಸ್ಸಾದಂತೆ ಈ ಶಕ್ತಿ ಕುಗ್ಗುತ್ತದೆ. ಮೂಳೆಗೆ ಕ್ಯಾಲ್ಸಿಯಂ ಹೆಚ್ಚು ಬೇಕಾದ ಮುಪ್ಪಿನಲ್ಲಿಯೇ ಕರುಳು ಕೈಕೊಡುತ್ತದೆ.

ಇಲ್ಲಿ ಮೂರು ಸಂಗತಿಗಳು ನಿರ್ಣಾಯಕ. ಮೊದಲನೆಯದು ಪ್ರಮಾಣ. ಒಮ್ಮೆಗೆ 500 ಮಿ.ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ತೆಗೆದುಕೊಂಡರೆ ದಕ್ಕುವ ಪಾಲು ಇಳಿಯುತ್ತದೆ. 1000 ಮಿ.ಗ್ರಾಂ ಹೇಳಿದ್ದರೆ ಎರಡು ಹೊತ್ತಿಗೆ ಹಂಚಿಕೊಳ್ಳುವುದು ಮೇಲು.

ಎರಡನೆಯದು ಜಠರಾಮ್ಲ. ಎಲ್ಲಕ್ಕಿಂತ ಅಗ್ಗವಾಗಿ ಸಿಗುವ ಕಾರ್ಬೊನೇಟ್ ಕರಗಲು ಆಮ್ಲ ಬೇಕು. 1985ರ ಅಮೆರಿಕದ ಅಧ್ಯಯನವೊಂದರಲ್ಲಿ, ಜಠರಾಮ್ಲವೇ ಇಲ್ಲದ ರೋಗಿಗಳಿಗೆ ಖಾಲಿಹೊಟ್ಟೆಯಲ್ಲಿ ಕಾರ್ಬೊನೇಟಿನಿಂದ ದಕ್ಕಿದ್ದು ಸುಮಾರು ಶೇ. 4, ಆರೋಗ್ಯವಂತರಿಗೆ ಶೇ. 22. ಅದೇ ರೋಗಿಗಳಿಗೆ ಊಟದೊಡನೆ ಕೊಟ್ಟಾಗ ಹೀರುವಿಕೆ ಸಹಜಮಟ್ಟಕ್ಕೆ ಬಂದಿತು; ಸಿಟ್ರೇಟ್ ರೂಪದಲ್ಲಿ ಕೊಟ್ಟಾಗ ಖಾಲಿಹೊಟ್ಟೆಯಲ್ಲಿಯೂ ಚೆನ್ನಾಗಿ ದಕ್ಕಿತು. ಎದೆಯುರಿಗೆಂದು ಪ್ಯಾಂಟೊಪ್ರಝೋಲ್, ಒಮೆಪ್ರಝೋಲ್‌ಗಳನ್ನು ಪ್ರತಿದಿನ ಬೆಳಿಗ್ಗೆ ತೆಗೆದುಕೊಳ್ಳುವ ಹಿರಿಯರು ನಮ್ಮ ಬಹುಪಾಲು ಮನೆಗಳಲ್ಲಿದ್ದಾರೆ. ಇವು ಆಮ್ಲವನ್ನು ತಗ್ಗಿಸುವ ಮಾತ್ರೆಗಳು. ಅಂಥವರು ಕಾರ್ಬೊನೇಟ್ ಮಾತ್ರೆಯನ್ನು ಊಟದೊಡನೆಯೇ ತೆಗೆದುಕೊಳ್ಳಬೇಕು. ಅಥವಾ ಸಿಟ್ರೇಟ್ ಸೂಕ್ತವೆ ಎಂದು ವೈದ್ಯರಲ್ಲಿ ವಿಚಾರಿಸಬೇಕು. ಕಬ್ಬಿಣದ ಹೀರುವಿಕೆಗೂ ಆಮ್ಲ ಬೇಕಾದುದರಿಂದ ಅಲ್ಲಿಯೂ ಈ ಎಚ್ಚರಿಕೆ ಸಲ್ಲುತ್ತದೆ.

ಮೂರನೆಯದು ವಿಟಮಿನ್ ಡಿ. ಕ್ಯಾಲ್ಸಿಯಂನ್ನು ಕರುಳಿನ ಗೋಡೆಯಾಚೆಗೆ ಒಯ್ಯುವ ಪ್ರೋಟೀನುಗಳು ತಯಾರಾಗುವುದೇ ಇದರ ಆಜ್ಞೆಯಿಂದ. ವಿಟಮಿನ್ ಡಿ ಸಾಲದಿದ್ದರೆ ಆಹಾರದ ಕ್ಯಾಲ್ಸಿಯಂನಲ್ಲಿ ಶೇ. 10ರಿಂದ 15 ಮಾತ್ರ ದಕ್ಕುತ್ತದೆಂದು ಅಂದಾಜು; ಸಾಕಷ್ಟಿದ್ದರೆ ಶೇ. 30ರಿಂದ 40. ಬಿಸಿಲು ಬೀಳದ ಫ್ಲ್ಯಾಟುಗಳಲ್ಲಿ, ಲಿಫ್ಟು ಮತ್ತು ಕಾರುಗಳ ನಡುವೆ ದಿನ ಕಳೆಯುವ ಮಹಾನಗರದ ಬದುಕಿನಲ್ಲಿ ಈ ಕೊರತೆ ಸಾಮಾನ್ಯ. ಹಾಗಿರುವಾಗ ಕ್ಯಾಲ್ಸಿಯಂ ಒಂದನ್ನೇ ಹೆಚ್ಚಿಸುತ್ತ ಹೋದರೆ ಪ್ರಯೋಜನವಿಲ್ಲ.

ಆಹಾರದಲ್ಲಿಯೂ ಇದೇ ನ್ಯಾಯ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದರೂ ಅದು ಆಕ್ಸಲೇಟಿನೊಡನೆ ಬಿಗಿಯಾಗಿ ಕೂಡಿರುತ್ತದೆ. 1988ರ ಅಧ್ಯಯನದಲ್ಲಿ ಪಾಲಕ್‌ನಿಂದ ದಕ್ಕಿದ ಕ್ಯಾಲ್ಸಿಯಂ ಸುಮಾರು ಶೇ. 5, ಹಾಲಿನಿಂದ ಸುಮಾರು ಶೇ. 28. ನಮ್ಮ ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಇದು ಅಗ್ರಸ್ಥಾನ. ಆದರೆ ಖನಿಜಗಳನ್ನು ಕಟ್ಟಿಹಾಕುವ ಫೈಟೇಟ್ ಎಂಬ ವಸ್ತುವೂ ರಾಗಿಯಲ್ಲಿದೆ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿದಾಗ ಫೈಟೇಟ್ ಕಡಮೆಯಾಗುತ್ತದೆ. ಮಗುವಿನ ಸರಿಗೆ ಮೊಳಕೆ ಕಟ್ಟಿದ ರಾಗಿಯನ್ನೇ ಬಳಸುತ್ತಿದ್ದ ತಾಯಂದಿರು ಈ ಹೆಸರನ್ನು ಕೇಳಿರಲಿಲ್ಲ. ಆದರೆ ಮಾಡುತ್ತಿದ್ದುದು ಸರಿಯಾದ ಕೆಲಸವನ್ನೇ.

ಸತು: ಒಬ್ಬ ಭಾರತೀಯ ವೈದ್ಯರ ಶೋಧ

ಸತು ಅಥವಾ ಜಿಂಕ್ ಮನುಷ್ಯನ ಬೆಳವಣಿಗೆಗೆ ಅತ್ಯಗತ್ಯವೆಂಬುದು ತಿಳಿದುಬಂದ ಬಗೆ ನಮ್ಮ ವಿಷಯಕ್ಕೆ ಒಳ್ಳೆಯ ನಿದರ್ಶನ. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ತರಬೇತಿ ಪಡೆದ ಡಾ. ಆನಂದ ಪ್ರಸಾದ್ ಅವರು 1958ರಲ್ಲಿ ಇರಾನಿನ ಶಿರಾಜ್ ನಗರದಲ್ಲಿದ್ದಾಗ, ಇಪ್ಪತ್ತೊಂದು ವರ್ಷದವನಾದರೂ ಹತ್ತು ವರ್ಷದ ಬಾಲಕನಂತೆ ಕಾಣುತ್ತಿದ್ದ ರೋಗಿಯೊಬ್ಬನನ್ನು ಕಂಡರು. ಆ ಭಾಗದ ಹಳ್ಳಿಗಳಲ್ಲಿ ಇಂತಹ ಕುಬ್ಜ ಯುವಕರು ಇನ್ನೂ ಇದ್ದರು. ಅವರ ಮುಖ್ಯ ಆಹಾರ ಹುದುಗು ಬರಿಸದ ಗೋಧಿರೊಟ್ಟಿ. ಮಣ್ಣು ತಿನ್ನುವ ಅಭ್ಯಾಸವೂ ಇತ್ತು. ಸತುವಿನ ಕೊರತೆಯೇ ಇದಕ್ಕೆ ಕಾರಣವಿರಬಹುದೆಂದು ಅವರು 1961ರಲ್ಲಿ ಸೂಚಿಸಿದರು. ಮುಂದೆ ಈಜಿಪ್ಟಿನಲ್ಲಿ ನಡೆಸಿದ ಅಧ್ಯಯನಗಳಿಂದ ಅದು ದೃಢಪಟ್ಟಿತು. ಗೋಧಿಯಲ್ಲಿ ಸತು ಇಲ್ಲದಿರಲಿಲ್ಲ. ಫೈಟೇಟ್ ಅದನ್ನು ದಕ್ಕಗೊಡುತ್ತಿರಲಿಲ್ಲ. ಹಿಟ್ಟನ್ನು ಹುದುಗು ಬರಿಸಿದಾಗ ಫೈಟೇಟ್ ಒಡೆಯುತ್ತದೆ. ನಮ್ಮ ಇಡ್ಲಿ, ದೋಸೆ ಹಿಟ್ಟು ರಾತ್ರಿಯಿಡೀ ಹುಳಿ ಬರುವಾಗ ನಡೆಯುವುದೂ ಇದೇ.

ಮಾತ್ರೆಗಳ ಪೈಕಿ ಸತುವಿನ ಸಿಟ್ರೇಟ್ ಮತ್ತು ಗ್ಲುಕೊನೇಟ್ ರೂಪಗಳಿಂದ ಆಹಾರವಿಲ್ಲದಾಗ ಸುಮಾರು ಶೇ. 61, ಆಕ್ಸೈಡಿನಿಂದ ಶೇ. 50ರಷ್ಟು ದಕ್ಕಿತೆಂದು 2014ರ ಅಧ್ಯಯನವೊಂದು ತಿಳಿಸಿದೆ. ಮಕ್ಕಳಿಗೆ ಭೇದಿಯಾದಾಗ ಜೀವಜಲದೊಡನೆ ದಿನಕ್ಕೆ 20 ಮಿ.ಗ್ರಾಂ ಸತುವನ್ನು, ಆರು ತಿಂಗಳೊಳಗಿನ ಶಿಶುವಿಗೆ 10 ಮಿ.ಗ್ರಾಂ, ಹತ್ತರಿಂದ ಹದಿನಾಲ್ಕು ದಿನ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಶಿಫಾರಸು ಮಾಡಿದವು. ಭೇದಿ ನಿಂತರೂ ವೈದ್ಯರು ಹೇಳಿದಷ್ಟು ದಿನ ಮುಂದುವರಿಸಬೇಕು. ಆದರೆ ದೊಡ್ಡವರು ಕಾರಣವಿಲ್ಲದೆ ದಿನಕ್ಕೆ 50 ಮಿ.ಗ್ರಾಂ ಸತುವನ್ನು ವಾರಗಟ್ಟಲೆ ತೆಗೆದುಕೊಂಡರೆ ತಾಮ್ರದ ಹೀರುವಿಕೆ ಕುಂದಿ ಬೇರೊಂದು ಕೊರತೆ ಉಂಟಾಗುತ್ತದೆ.

ಮೆಗ್ನೀಸಿಯಂ ಮತ್ತು ಅಯೋಡಿನ್

ಈ ಎರಡು ಖನಿಜಗಳು ಎರಡು ತುದಿಗಳಲ್ಲಿವೆ. ಮೆಗ್ನೀಸಿಯಂ ಆಕ್ಸೈಡ್ ಮಾತ್ರೆಯಲ್ಲಿ ಖನಿಜದ ತೂಕ ಅಧಿಕ. ಆದರೆ 2001ರ ಅಧ್ಯಯನವೊಂದರಲ್ಲಿ ಅದರಿಂದ ದಕ್ಕಿದ್ದು ಶೇ. 4 ಮಾತ್ರ. ಸಿಟ್ರೇಟ್, ಕ್ಲೋರೈಡ್ ರೂಪಗಳು ಇದಕ್ಕಿಂತ ಉತ್ತಮ. ಮಲಬದ್ಧತೆಗೆ ಬಳಸುವ ಮಿಲ್ಕ್ ಆಫ್ ಮೆಗ್ನೀಸಿಯ ಕೆಲಸ ಮಾಡುವುದು ಅದರಲ್ಲಿನ ಮೆಗ್ನೀಸಿಯಂ ಬಹುಪಾಲು ಕರುಳಿನಲ್ಲೇ ಉಳಿದು ನೀರನ್ನು ಸೆಳೆದುಕೊಳ್ಳುವುದರಿಂದ.

ಅಯೋಡಿನ್ ಹಾಗಲ್ಲ. ಉಪ್ಪಿನ ಮೂಲಕ ಬಂದ ಅಯೋಡಿನ್‌ನಲ್ಲಿ ಶೇ. 90ಕ್ಕೂ ಹೆಚ್ಚು ದಕ್ಕುತ್ತದೆ. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತವರ ಸಹೋದ್ಯೋಗಿಗಳು ನಡೆಸಿದ ಅಧ್ಯಯನದಲ್ಲಿ ಅಯೋಡಿನ್ ಬೆರೆಸಿದ ಉಪ್ಪಿನಿಂದಲೇ ಗಳಗಂಡ ಗಣನೀಯವಾಗಿ ಇಳಿಯಿತು. ಅಯೋಡಿನ್‌ಯುಕ್ತ ಉಪ್ಪನ್ನು ಬಳಸುವ ಮನೆಗಳಲ್ಲಿ ವೈದ್ಯರು ಹೇಳದ ಹೊರತು ಪ್ರತ್ಯೇಕ ಮಾತ್ರೆಯ ಅವಶ್ಯಕತೆ ಸಾಮಾನ್ಯವಾಗಿ ಇರುವುದಿಲ್ಲ.

ಒಂದಕ್ಕೊಂದು ಅಡ್ಡಿಯಾಗುವ ಮಾತ್ರೆಗಳು

ಕ್ಯಾಲ್ಸಿಯಂ, ಕಬ್ಬಿಣ, ಸತುಗಳನ್ನು ದೊಡ್ಡ ಪ್ರಮಾಣದಲ್ಲಿ ಒಟ್ಟಿಗೆ ನುಂಗಿದರೆ ಅವು ಒಂದರ ದಾರಿಗೆ ಇನ್ನೊಂದು ಅಡ್ಡಬರುತ್ತವೆ. ಬೆಳಿಗ್ಗೆ ಕಬ್ಬಿಣ, ಊಟದೊಡನೆ ಕ್ಯಾಲ್ಸಿಯಂ ಎಂದು ಬೇರ್ಪಡಿಸುವುದು ಸುಲಭ ಪರಿಹಾರ.

ಇದಕ್ಕಿಂತ ಗಂಭೀರವಾದುದು ಔಷಧಿಗಳೊಡನೆ ನಡೆಯುವ ಘರ್ಷಣೆ. ಥೈರಾಯ್ಡ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆಯನ್ನು ಕ್ಯಾಲ್ಸಿಯಂ ಮತ್ತು ಕಬ್ಬಿಣಗಳೆರಡೂ ಹಿಡಿದಿಡುತ್ತವೆ. ನಡುವೆ ಕನಿಷ್ಠ 4 ಗಂಟೆ ಅಂತರವಿರಬೇಕು. ಆದಕಾರಣ ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಳ್ಳುವವರು ಕಬ್ಬಿಣವನ್ನು ಬೇರೆ ಹೊತ್ತಿಗೆ ಸರಿಸಲೇಬೇಕು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂತಹ ಆಂಟಿಬಯೋಟಿಕ್‌ಗಳ ಮೇಲೂ, ಮೂಳೆಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಮೇಲೂ ಇದೇ ಪರಿಣಾಮ. ಆ ದಿನಗಳಲ್ಲಿ ಖನಿಜದ ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳಬೇಕೆಂದು ವೈದ್ಯರನ್ನೋ ಔಷಧಿ ಅಂಗಡಿಯವರನ್ನೋ ಕೇಳುವುದು ಅಗತ್ಯ.

ಮನೆಯಲ್ಲಿ ಪಾಲಿಸಬಹುದಾದ ಕ್ರಮಗಳು

1. ಪರೀಕ್ಷೆ ಮಾಡಿಸಿ, ಕೊರತೆ ಯಾವುದೆಂದು ತಿಳಿದು, ಆನಂತರವೇ ಮಾತ್ರೆ ಆರಂಭಿಸಬೇಕು. ದೇಹಕ್ಕೆ ಹೆಚ್ಚುವರಿ ಕಬ್ಬಿಣವನ್ನು ಹೊರಹಾಕುವ ಮಾರ್ಗವಿಲ್ಲ.
2. ಪೊಟ್ಟಣದ ಮೇಲೆ 'ಎಲಿಮೆಂಟಲ್' ತೂಕವನ್ನು ನೋಡಬೇಕು. ಬೆಲೆ ಹೆಚ್ಚಾದ ಮಾತ್ರೆ ಹೆಚ್ಚು ದಕ್ಕುತ್ತದೆಂಬ ನಿಯಮವಿಲ್ಲ.
3. ಕಬ್ಬಿಣವನ್ನು ಬೆಳಿಗ್ಗೆ ನೀರಿನೊಡನೆ ತೆಗೆದುಕೊಳ್ಳಬೇಕು. ಕಾಫಿ, ಚಹಾ, ಹಾಲುಗಳಿಗೆ ಒಂದೆರಡು ಗಂಟೆ ಕಾಯಬೇಕು.
4. ಕ್ಯಾಲ್ಸಿಯಂ ಕಾರ್ಬೊನೇಟನ್ನು ಊಟದೊಡನೆ, ಒಮ್ಮೆಗೆ 500 ಮಿ.ಗ್ರಾಂ ಮೀರದಂತೆ ತೆಗೆದುಕೊಳ್ಳಬೇಕು. ಸಿಟ್ರೇಟಿಗೆ ಊಟದ ಕಟ್ಟುಪಾಡಿಲ್ಲ.
5. ಥೈರಾಯ್ಡ್ ಮಾತ್ರೆಗೂ ಖನಿಜದ ಮಾತ್ರೆಗೂ 4 ಗಂಟೆ ಅಂತರವಿರಲಿ.
6. ಕಾಳು, ರಾಗಿಗಳನ್ನು ನೆನೆಸಿ, ಮೊಳಕೆ ಬರಿಸಿ, ಹುದುಗಿಸಿ ಬಳಸುವ ಪದ್ಧತಿಯನ್ನು ಸಮಯವಿಲ್ಲವೆಂದು ಕೈಬಿಡಬಾರದು.
7. ಕಬ್ಬಿಣದ ಮಾತ್ರೆಗಳನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು. 10 ಕಿಲೊ ತೂಕದ ಮಗು 60 ಮಿ.ಗ್ರಾಂ ಕಬ್ಬಿಣವುಳ್ಳ ಹತ್ತು ಮಾತ್ರೆಗಳನ್ನು ಮಿಠಾಯಿಯೆಂದು ನುಂಗಿದರೆ ಪ್ರಾಣಾಪಾಯವಾಗಬಹುದು. ಹಾಗೇನಾದರೂ ಆದರೆ ಲಕ್ಷಣಗಳಿಗಾಗಿ ಕಾಯದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ಆಹಾರ ಪೂರಕಗಳ ಡಬ್ಬಿಯ ಮೇಲೆ ಅವು ಔಷಧೀಯ ಬಳಕೆಗಲ್ಲವೆಂದು ಮುದ್ರಿಸಬೇಕೆಂಬುದು 2016ರಲ್ಲಿ ಹೊರಟ ಭಾರತೀಯ ನಿಯಮ. ಜಾಹೀರಾತಿನಲ್ಲಿ ಕಾಣುವ 'ಪೂರ್ಣ ಹೀರುವಿಕೆ', 'ನ್ಯಾನೊ ಶಕ್ತಿ' ಮೊದಲಾದ ಮಾತುಗಳಿಗಿಂತ ಈ ಸಣ್ಣಕ್ಷರಗಳನ್ನು ಮೊದಲು ಓದುವುದು ಒಳ್ಳೆಯದು.

ಮುಂದಿನ ಬಾರಿ ವೈದ್ಯರಲ್ಲಿಗೆ ಹೋಗುವಾಗ ಮನೆಯ ಹಿರಿಯರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ, ಯಾರೋ ಹೇಳಿದರೆಂದು ಕೊಂಡ ಡಬ್ಬಿಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ಒಯ್ದು ತೋರಿಸಿ, ಯಾವುದನ್ನು ಯಾವ ಹೊತ್ತಿಗೆ ಎಂದು ಬರೆಯಿಸಿಕೊಂಡು ಬರಬೇಕೆಂದು ನಮ್ಮ ಓದುಗರಲ್ಲಿ ವಿನಂತಿಸುತ್ತೇವೆ. ಹೆಚ್ಚಿನ ಖರ್ಚಿಲ್ಲದೆ, ಹೊತ್ತನ್ನು ಬದಲಿಸುವುದರಿಂದಲೇ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಇನ್ನಷ್ಟು ಮೈಗೆ ಹತ್ತುವಂತೆ ಮಾಡಬಹುದು.